ಹಸುವಿನ ತೇಗು, ಗದ್ದೆಯ ಗುಳ್ಳೆ: ನಮ್ಮ ಕಡೆ ಮೀಥೇನ್ ಏರಿದೆಯಾ?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ನಾಲ್ಕು ಸೀಮೆಹಸು ಇವೆ. ಹಸುಗಳಿಂದ ಭೂಮಿ ಬಿಸಿಯಾಗುತ್ತಿದೆ ಅಂತ ಮಗಳು ಕಾಲೇಜಿನಲ್ಲಿ ಕಲಿತು ಬಂದಿದ್ದಾಳೆ. ನಮ್ಮ ಮಾವನವರ ಕಾಲದಲ್ಲಿ ಇದೇ ಕೊಟ್ಟಿಗೆಯಲ್ಲಿ ಹನ್ನೆರಡು ದನ ಇದ್ದವು. ಹಾಗಾದರೆ ಆಗಲೇ ಜಾಸ್ತಿ ಇರಬೇಕಿತ್ತಲ್ವಾ?
– ಓದುಗರು, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಅಮ್ಮ. ಆದರೆ ತಲೆ ಎಣಿಸಿದರೆ ಮಾತ್ರ ಲೆಕ್ಕ ಸಿಗುವುದಿಲ್ಲ. ಯಾವ ದನ, ಎಷ್ಟು ತಿನ್ನುತ್ತದೆ, ಏನು ತಿನ್ನುತ್ತದೆ ಅನ್ನುವುದೂ ಸೇರುತ್ತದೆ.

ಹಸುವಿನ ದೊಡ್ಡ ಹೊಟ್ಟೆಯಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸುವಾಗ ಜಲಜನಕ ಹುಟ್ಟುತ್ತದೆ. ಇನ್ನೊಂದು ಜಾತಿಯ ಜೀವಿಗಳು ಅದನ್ನು ಬಳಸಿ ಮೀಥೇನ್ ಮಾಡುತ್ತವೆ. ಗಾಳಿಗೆ ಸೇರಿ ಶಾಖ ಹಿಡಿದಿಟ್ಟು ಭೂಮಿ ಬಿಸಿ ಮಾಡುವ ಅನಿಲ ಇದೇ. ಬಹುಪಾಲು ಹೊರಗೆ ಬರುವುದು ಬಾಯಿಂದ, ತೇಗಿನ ಜೊತೆ. ಇದು ನಿಮಗೂ ನಷ್ಟ. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಆರು ಪಾಲಿನಷ್ಟು ಹೀಗೇ ಗಾಳಿಗೆ ಹೋಗುತ್ತದೆ. ಅಂದರೆ ನೀವು ದುಡ್ಡು ಕೊಟ್ಟು ತಂದ ಹಿಂಡಿ, ಬೂಸಾ ಕೂಡ.

ಈಗ ಕಾಲದ ಲೆಕ್ಕಕ್ಕೆ ಬರೋಣ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 19.1 ಕೋಟಿ ಹಸು-ಎತ್ತುಗಳಿದ್ದವು. 2019ರಲ್ಲಿ 19.25 ಕೋಟಿ. ಏಳು ವರ್ಷಕ್ಕೆ ಶೇ 1ರಷ್ಟೂ ಏರಿಲ್ಲ. ಆದರೆ ಒಳಗೆ ನೋಡಿದರೆ ಬೇರೆಯೇ ಕತೆ. ನಾಟಿ ದನ ಸುಮಾರು ಶೇ 6 ಇಳಿದವು, ಮಿಶ್ರತಳಿ ಹಸು ಕಾಲು ಭಾಗಕ್ಕಿಂತ ಜಾಸ್ತಿ ಏರಿದವು. ನಿಮ್ಮ ಕೊಟ್ಟಿಗೆಯಲ್ಲೂ ಆಗಿದ್ದು ಇದೇ. ಉಳುವ ಎತ್ತು ಹೋಗಿ ಟಿಲ್ಲರ್ ಬಂತು, ಗೊಬ್ಬರಕ್ಕೆಂದೇ ಕಟ್ಟುತ್ತಿದ್ದ ನಾಟಿ ದನ ಹೋಗಿ ಡೇರಿಗೆ ಹಾಲು ಹಾಕುವ ಸೀಮೆಹಸು ಬಂತು.

ಹವಾಮಾನದ ಲೆಕ್ಕ ಹಾಕುವ ವಿಶ್ವಸಂಸ್ಥೆಯ ತಜ್ಞರ ಸಮಿತಿ 2006ರಲ್ಲಿ ಒಂದು ಅಂದಾಜು ಕೊಟ್ಟಿತ್ತು. ನಮ್ಮ ಉಪಖಂಡದ ಕರೆಯುವ ಹಸು ತೇಗಿನಲ್ಲಿ ವರ್ಷಕ್ಕೆ 58 ಕಿಲೋ ಮೀಥೇನ್ ಬಿಡುತ್ತದೆ, ಎತ್ತು, ಕರು ಮುಂತಾದ ಉಳಿದ ದನ ತಲೆಗೆ 27 ಕಿಲೋ. ಈ ಅಂಕಿಯಿಂದ ನೀವೇ ಗುಣಿಸಿ. ನಾಲ್ಕು ಸೀಮೆಹಸುವಿಗೆ 232 ಕಿಲೋ. ಮಾವನವರ ಹನ್ನೆರಡರಲ್ಲಿ ಮೂರು ಕರೆಯುತ್ತಿದ್ದವು ಅಂದುಕೊಂಡರೂ 417. ಸೀಮೆಹಸು ಅಂದಾಜಿಗಿಂತ ಜಾಸ್ತಿ ತಿನ್ನಬಹುದು, ನಾಟಿ ಹಸು ಕಮ್ಮಿ. ಆದರೂ ನಿಮ್ಮ ಕೊಟ್ಟಿಗೆಯಿಂದ ಅನಿಲ ಏರಿದೆ ಅಂತ ನಾನು ಹೇಳಲಾರೆ.

ಇಡೀ ದೇಶದ ಮಟ್ಟದಲ್ಲೂ ಇದನ್ನು ಪರೀಕ್ಷೆ ಮಾಡಿದ್ದಾರೆ. ಲೆಕ್ಕದ ಪುಸ್ತಕ ಬದಿಗಿಟ್ಟು, ಗಾಳಿಯಲ್ಲಿರುವ ಮೀಥೇನನ್ನೇ ಅಳೆದು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 2010ರಿಂದ 2015ರವರೆಗೆ ಭಾರತದ ಎಲ್ಲ ಮೂಲಗಳಿಂದ ವರ್ಷಕ್ಕೆ ಸುಮಾರು 2.2 ಕೋಟಿ ಟನ್ ಮೀಥೇನ್ ಬಂದಿತ್ತು. ಆ ವರ್ಷಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಸರ್ಕಾರದ ಲೆಕ್ಕಕ್ಕೂ ಅದು ಹೊಂದಿತು. ಹಸು ಸಾಕುವವರನ್ನು ಸುಮ್ನೆ ದೂರುವವರು ಇದನ್ನು ಓದಬೇಕು.

ಹಾಗಂತ ಕೈಕಟ್ಟಿ ಕೂರುವ ಹಾಗಿಲ್ಲ. ಅದೇ 2006ರ ಅಂದಾಜಿನಲ್ಲಿ ಅಮೆರಿಕದ ಹಸು ವರ್ಷಕ್ಕೆ 120 ಕಿಲೋಗಿಂತ ಜಾಸ್ತಿ ಬಿಡುತ್ತದೆ, ಆದರೆ 8,400 ಕಿಲೋ ಹಾಲು ಕೊಡುತ್ತದೆ. ನಮ್ಮದು 58 ಕಿಲೋ ಬಿಟ್ಟು ಸರಾಸರಿ 900 ಕಿಲೋ. ತಲೆಗೆ ನಾವು ಕಮ್ಮಿ, ಲೀಟರ್ ಹಾಲಿಗೆ ನಾಲ್ಕು ಪಟ್ಟಿಗೂ ಜಾಸ್ತಿ. ಹಾಲಿಲ್ಲದೆ ನಿಂತ ಹಸುವೂ ತಿನ್ನುತ್ತದೆ, ತೇಗುತ್ತದೆ. ಗಬ್ಬ ನಿಲ್ಲದೆ ತಿಂಗಳುಗಟ್ಟಲೆ ಕಳೆದ ಹಸುವೇ ನಿಮ್ಮ ಕೊಟ್ಟಿಗೆಯ ದೊಡ್ಡ ನಷ್ಟ, ಮೀಥೇನಿನದ್ದೂ ಹೌದು. ಬೆದೆ ನೋಡಿ ಸಮಯಕ್ಕೆ ಸರಿಯಾಗಿ ಗಬ್ಬದ ಸೂಜಿ (ಕೃತಕ ಗರ್ಭಧಾರಣೆ) ಮಾಡಿಸಿ, ಖನಿಜ ಮಿಶ್ರಣ ತಪ್ಪಿಸಬೇಡಿ. ಬರೀ ರಾಗಿ ಹುಲ್ಲು ಹಾಕಬೇಡಿ. ಅದನ್ನು ಕತ್ತರಿಸಿ, ಅಲಸಂದೆ ಅಥವಾ ಮುಸುಕಿನ ಜೋಳದ ಹಸಿಮೇವು ಬೆರೆಸಿ ಹಾಕಿ. ನಾರು ಜಾಸ್ತಿಯಾದಷ್ಟೂ ಕಿಲೋ ಮೇವಿಗೆ ಬರುವ ಅನಿಲ ಜಾಸ್ತಿ.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯವರು 'ಹರಿತ ಧಾರಾ' ಎಂಬ ಪೂರಕ ಆಹಾರ ಮಾಡಿದ್ದಾರೆ. ಅದರಲ್ಲಿರುವುದು ಗಿಡಗಳ ಒಗರಿನ ಅಂಶ. ಮೀಥೇನ್ ಶೇ 17ರಿಂದ 20ರಷ್ಟು ಇಳಿಯುತ್ತದೆ ಎಂದು ಅವರು ಹೇಳಿದ್ದಾರೆ. ಆದರೆ ಹೊಟ್ಟೆ ತುಂಬ ಸಮತೋಲನದ ಮೇವು ಮೊದಲು, ಪುಡಿ ಆಮೇಲೆ.

ಪ್ರಶ್ನೆ: ನಮ್ಮ ಊರಿನ ಬೈಲು ಗದ್ದೆಗಳೆಲ್ಲ ಅಡಿಕೆ ತೋಟ ಆಗಿವೆ. ಗದ್ದೆಯಿಂದ ಮೀಥೇನ್ ಬರುತ್ತದಂತೆ. ಹಾಗಾದರೆ ನಾವು ಮಾಡಿದ್ದು ಒಳ್ಳೆಯದೇ ಆಯ್ತಲ್ವಾ?
– ಓದುಗರು, ಕೊಪ್ಪ

ಉತ್ತರ: ಬರೀ ಮೀಥೇನ್ ಲೆಕ್ಕದಲ್ಲಿ ಹೌದು. ನೀರು ನಿಂತ ಕೆಸರಿಗೆ ಗಾಳಿ ಹೋಗುವುದಿಲ್ಲ, ಅಲ್ಲೂ ಹಸುವಿನ ಹೊಟ್ಟೆಯದೇ ಕೆಲಸ ನಡೆಯುತ್ತದೆ. ಕೆಸರು ತುಳಿದಾಗ ಏಳುವ ಗುಳ್ಳೆಗಳಲ್ಲಿ ಅದೇ ಅನಿಲ ಇದೆ. ಬಹುಪಾಲು ಮಾತ್ರ ಭತ್ತದ ದಂಟಿನ ಒಳಗಿನ ಟೊಳ್ಳಿನಿಂದ ಮೇಲೆ ಬರುತ್ತದೆ.

ಆದರೂ ಗದ್ದೆ ಹೋದದ್ದು ನನಗೆ ಬೇಸರವೇ. ಮಳೆಗಾಲದ ನೀರನ್ನು ನಿಲ್ಲಿಸಿ ಇಂಗಿಸುತ್ತಿದ್ದದ್ದು ಅದು, ಮನೆಯ ಅಕ್ಕಿಯೂ ಅಲ್ಲಿಂದಲೇ ಬರುತ್ತಿತ್ತು. ಗದ್ದೆ ಉಳಿಸಿಕೊಂಡೇ ಅನಿಲ ಇಳಿಸಲು ದಾರಿ ಇದೆ. ತೂತು ಮಾಡಿದ ಪೈಪನ್ನು ಗದ್ದೆಯಲ್ಲಿ ಹುಗಿದು, ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ನೀರು ಬಿಡುವುದು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತೇ ಇರಬೇಕು. ಹೀಗೆ ಮಾಡಿದರೆ ಮೀಥೇನ್ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಯಬಲ್ಲದು. ನಿಮ್ಮ ಕಡೆಯ ಮಳೆಗೆ ತಗ್ಗಿನ ಬೈಲಿನಲ್ಲಿ ಇದು ಕಷ್ಟ, ಎತ್ತರದ ಮಕ್ಕಿಗದ್ದೆಯಲ್ಲಿ ಆದೀತು. ಗೊರೂರಿನ ಹೇಮಾವತಿ ಅಣೆಕಟ್ಟೆಯ ನೀರಿನಲ್ಲಿ ಭತ್ತ ಬೆಳೆಯುವವರಿಗೆ ಹೆಚ್ಚು ಸುಲಭ, ನಾಲೆಯ ಸರದಿ ಹೊಂದಿಕೊಂಡರೆ. ಇನ್ನೊಂದು ಮಾತು. ಹಸಿ ಸಗಣಿಯನ್ನು ನಿಂತ ನೀರಿಗೆ ಹಾಕಬೇಡಿ. ಕಳಿತ ಗೊಬ್ಬರ ಹಾಕಿ.

ಪ್ರಶ್ನೆ: ತಿಪ್ಪೆಗಿಂತ ಗೋಬರ್ ಗ್ಯಾಸ್ ಒಳ್ಳೆಯದಾ?
– ಓದುಗರು, ಅರಸೀಕೆರೆ

ಉತ್ತರ: ಒಣಗಿದ ತಿಪ್ಪೆಯಿಂದ ಬರುವ ಮೀಥೇನ್ ಕಮ್ಮಿ. ಸಗಣಿಯನ್ನು ನೀರಿನ ಜೊತೆ ಗುಂಡಿಯಲ್ಲಿ ನಿಲ್ಲಿಸಿದರೆ ಜಾಸ್ತಿ. ನಾಲ್ಕೈದು ಹಸು ಇದ್ದು ಕೊಟ್ಟಿಗೆ ತೊಳೆದ ನೀರು ಗುಂಡಿಗೇ ಹೋಗುತ್ತಿದ್ದರೆ ಗೋಬರ್ ಗ್ಯಾಸ್ ಕಟ್ಟಿಸಿ. ಅದೇ ಮೀಥೇನ್ ಒಲೆಯಲ್ಲಿ ಉರಿಯುತ್ತದೆ, ಕಳಿತ ಬಗ್ಗಡ ತೋಟಕ್ಕೆ ಗೊಬ್ಬರ. ಗುಮ್ಮಟದಲ್ಲಿ, ಪೈಪಿನ ಕೀಲಿನಲ್ಲಿ ಸೋರಿಕೆ ಇದೆಯಾ ಅಂತ ಆಗಾಗ ಸೋಪಿನ ನೀರು ಹಚ್ಚಿ ನೋಡಿ. ಬೆಂಕಿಕಡ್ಡಿ ಗೀರಿ ನೋಡಬೇಡಿ.