ಗೋಕಾಕದ ತೂಗುಸೇತುವೆ ಓಲಾಡುವುದೇಕೆ?

ಪ್ರಶ್ನೆ: ಶ್ರಾವಣದಲ್ಲಿ ಎಪ್ಪತ್ತು ದಾಟಿದ ತಾಯಿಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಗೋಕಾಕ ಫಾಲ್ಸಿಗೆ ಹೋಗಬೇಕೆಂದಿದ್ದೇವೆ. ಅಲ್ಲಿಯ ತೂಗುಸೇತುವೆ ಕಾಲಿಟ್ಟರೆ ಓಲಾಡುತ್ತದೆ ಎಂದು ಕೇಳಿ ತಾಯಿಯವರು ಹಿಂಜರಿಯುತ್ತಿದ್ದಾರೆ. ಹಳೆಯದಾಗಿ ಸಡಿಲಗೊಂಡಿರುವುದೇ ಇದಕ್ಕೆ ಕಾರಣವೇ? ನೋಡಲು ಯಾವ ಕಾಲ ಒಳ್ಳೆಯದು?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಓಲಾಟವು ತೂಗುಸೇತುವೆಯ ಹುಟ್ಟುಗುಣ, ಅದೊಂದನ್ನೇ ನೋಡಿ ಸೇತುವೆ ಜೀರ್ಣವಾಗಿದೆ ಎನ್ನಲಾಗದು. ಕಲ್ಲಿನ ಸೇತುವೆ ಕಂಬಗಳ ಮೇಲೆ ಭಾರ ಹೊರಿಸಿ ಕೂತಿರುತ್ತದೆ. ತೂಗುಸೇತುವೆಯ ಹಾದಿಯಾದರೋ ಎರಡೂ ದಡಗಳಲ್ಲಿ ಬಿಗಿದ ಲೋಹದ ಹಗ್ಗಗಳಿಂದ ಇಳಿಬಿದ್ದಿರುತ್ತದೆ. ಜನ ಒಂದು ಕಡೆ ಗುಂಪುಗೂಡಿದರೆ ಹಗ್ಗ ಅಲ್ಲಿ ತಗ್ಗಿ ಬೇರೆ ಕಡೆ ತುಸು ಏಳುತ್ತದೆ. ಗೋಕಾಕದ ಸೇತುವೆ ಸುಮಾರು 201 ಮೀಟರ್ ಉದ್ದವಿದ್ದು, ನದಿಯ ಬಂಡೆಗಳಿಂದ ಸುಮಾರು 14 ಮೀಟರ್ ಎತ್ತರದಲ್ಲಿದೆ. ಇಷ್ಟುದ್ದದ ಕಿರಿದಾದ ಹಾದಿಯ ಅಲುಗಾಟ ಕಾಲಿಗೆ ತಿಳಿಯದೇ ಇರದು.

ಅಪಾಯ ಬರುವುದು ಬೇರೆ ದಾರಿಯಿಂದ. ಪಂಚಮಿಯ ಜೋಕಾಲಿಯನ್ನು ನೆನಪಿಸಿಕೊಳ್ಳಿ: ಅದರ ಲಯ ನೋಡಿ ಜೀಕಿದರೆ ಸಣ್ಣ ಹುಡುಗಿಯೂ ಅದನ್ನು ಮಾವಿನ ಕೊಂಬೆಯವರೆಗೆ ಏರಿಸುತ್ತಾಳೆ, ಲಯ ತಪ್ಪಿ ಜೀಕಿದರೆ ಗಟ್ಟಿಗನಿಗೂ ಅದು ಏರದು. ಹಲವರು ಒಂದೇ ಲಯದಲ್ಲಿ ಹೆಜ್ಜೆ ಹಾಕಿದಾಗ ಸೇತುವೆಗೆ ಆಗುವುದೂ ಅದೇ. 1831ರಲ್ಲಿ ಇಂಗ್ಲೆಂಡಿನ ಬ್ರೌಟನ್ ತೂಗುಸೇತುವೆ ಸೈನಿಕರು ಹೆಜ್ಜೆ ಕೂಡಿಸಿ ನಡೆಯುತ್ತಿದ್ದಾಗ ಮುರಿದುಬಿದ್ದಿತು. ಆಮೇಲೆ ಅಲ್ಲಿಯ ಸೈನ್ಯವು ಸೇತುವೆ ದಾಟುವಾಗ ಹೆಜ್ಜೆ ತಪ್ಪಿಸಿ ನಡೆಯುವ ಪದ್ಧತಿಯನ್ನೇ ತಂದಿತು. ಗುಂಪಿನ ಭಾರವೂ ಅಪಾಯವೇ: ಗುಜರಾತಿನ ಮೊರ್ಬಿ ತೂಗುಸೇತುವೆ ದುರಸ್ತಿಯ ನಂತರ ತೆರೆದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು, ಜನ ಕಿಕ್ಕಿರಿದಿದ್ದಾಗ ಕುಸಿದು 130ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಆದ್ದರಿಂದ ಸೇತುವೆಯ ಮೇಲೆ ಎಷ್ಟು ಮಂದಿ ಇದ್ದಾರೆಂದು ಮೊದಲು ನೋಡಿ, ಗುಂಪು ಕರಗುವವರೆಗೆ ಕಾಯಿರಿ. ಮಕ್ಕಳನ್ನು ಕುಣಿಯಲು ಬಿಡಬೇಡಿ. ಸೇತುವೆಯನ್ನು ಮುಚ್ಚಿದ್ದರೆ ಕಾವಲುಗಾರರೊಂದಿಗೆ ವಾದಿಸುವುದು ಸಲ್ಲದು.

ಕಾಲದ ಮಾತಿಗೆ ಬಂದರೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೋಗುವುದು ಸರಿ. ಮೇಲ್ಗಡೆಯ ಹಿಡಕಲ್ ಜಲಾಶಯದಲ್ಲಿ ನೀರು ನಿಲ್ಲುವುದರಿಂದಲೂ, ಧೂಪದಾಳದ ಒಡ್ಡಿನಿಂದ ಅದು ಕಾಲುವೆಗೆ ತಿರುಗುವುದರಿಂದಲೂ ಬೇಸಿಗೆಯಲ್ಲಿ ಫಾಲ್ಸಿನಲ್ಲಿ ಹೆಚ್ಚಾಗಿ ಬರಿ ಬಂಡೆಯೇ ಕಾಣುತ್ತದೆ. ಮಳೆಗಾಲದಲ್ಲಿ ಮಾತ್ರ ಕುದುರೆಲಾಳದ ಆಕಾರದ ಅಂಚಿನಿಂದ ಕೆಮ್ಮಣ್ಣು ಬೆರೆತ ಘಟಪ್ರಭೆ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತಾಳೆ. ಆ ನೀರೇ ಮುಂದೆ ನಿಮ್ಮ ಜಿಲ್ಲೆಯನ್ನು ಹಾಯ್ದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋಕಾಕದ ನೂಲಿನ ಗಿರಣಿ ತಿರುಗಲು ತೊಡಗಿದ್ದೂ ಈ ಧುಮ್ಮಿಕ್ಕುವ ನೀರಿನ ಬಲದಿಂದಲೇ, ಮಕ್ಕಳಿಗೆ ಇದನ್ನು ಸ್ಥಳದಲ್ಲಿಯೇ ತೋರಿಸಿ ಹೇಳಬಹುದು.

ತಾಯಿಯವರನ್ನು ಒತ್ತಾಯಿಸಬೇಡಿ. ಮುಪ್ಪಿನಲ್ಲಿ ಕಾಲಡಿಯ ಓಲಾಟಕ್ಕೆ ತಲೆ ತಿರುಗುವುದುಂಟು, ನಡುದಾರಿಯಲ್ಲಿ ಹಿಂತಿರುಗುವುದೂ ಕಷ್ಟ. ಜಲಪಾತದ ಬಳಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯಿದೆ. ಅವರು ಅಲ್ಲಿ ದರ್ಶನ ಮಾಡಿಕೊಂಡು ದಡದಿಂದಲೇ ನೀರು ನೋಡಲಿ. ಆದರೆ ಯಾರೂ ಬಂಡೆಗಳ ಮೇಲೆ ಇಳಿಯಬಾರದು. ಮೇಲಿನಿಂದ ನೀರು ಬಿಟ್ಟರೆ ಹೊಳೆ ಬೇಗನೆ ಏರುತ್ತದೆ.