ಪಾಸ್‌ವರ್ಡ್ ಬದಲಿಸಿಕೊಡುವುದಷ್ಟೇ ಕೆಲಸವೇ?

ಓದುಗರೊಬ್ಬರ ಪತ್ರ: ‘ಡಿಗ್ರಿ ಮುಗಿಯುತ್ತಾ ಬಂತು. ಪ್ರೋಗ್ರಾಮಿಂಗ್ ನನಗೆ ಅಷ್ಟಾಗಿ ಒಗ್ಗಿಲ್ಲ. ಆದರೆ ಕಂಪ್ಯೂಟರ್ ಕೆಟ್ಟರೆ ಸರಿಹೋಗುವವರೆಗೂ ಬಿಡುವವಳಲ್ಲ. ಐಟಿ ಸ್ಪೆಷಲಿಸ್ಟ್ ಅನ್ನುತ್ತಾರಲ್ಲ, ಅವರು ದಿನವಿಡೀ ಏನು ಮಾಡುತ್ತಾರೆ? ಪಾಸ್‌ವರ್ಡ್ ಬದಲಿಸಿಕೊಡುವುದಷ್ಟೇ ಅಂತ ಗೆಳತಿ ನಗುತ್ತಾಳೆ.’

ಸಂಪಾದಕರ ಉತ್ತರ:

ನಿಮ್ಮ ಗೆಳತಿಯ ಮಾತು ಪೂರ್ತಿ ಸುಳ್ಳಲ್ಲ. ಹೊಸಬರನ್ನು ಸಾಮಾನ್ಯವಾಗಿ ಮೊದಲು ಕೂರಿಸುವುದು ಹೆಲ್ಪ್‌ಡೆಸ್ಕ್‌ನಲ್ಲೇ. ಪಾಸ್‌ವರ್ಡ್ ಮರೆತವರು, ಪ್ರಿಂಟರ್ ಜೊತೆ ಜಗಳಕ್ಕೆ ಬಿದ್ದವರು, ಮೇಲ್ ಬರುತ್ತಿಲ್ಲ ಎನ್ನುವವರು ಎಲ್ಲರೂ ಅಲ್ಲಿಗೇ ಬರುತ್ತಾರೆ. ಪ್ರತಿ ದೂರಿಗೂ ಒಂದು ಟಿಕೆಟ್, ಅಂದರೆ ಆ ದೂರಿನ ದಾಖಲೆ. ನಿಮ್ಮ ಕೈಯಲ್ಲಿ ಆಗದಿದ್ದರೆ ಮೇಲಿನ ಹಂತದವರಿಗೆ ದಾಟಿಸುತ್ತೀರಿ. ಏನೇನು ಮಾಡಿ ನೋಡಿದಿರಿ ಎಂದು ಟಿಕೆಟ್‌ನಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ನಿಜವಾದ ಕೆಲಸ ಇರುವುದು ಪ್ರಶ್ನೆ ಕೇಳುವುದರಲ್ಲಿ. ‘ಇಂಟರ್‌ನೆಟ್ ಹೋಗಿದೆ’ ಅಂತ ಫೋನ್ ಬರುತ್ತದೆ. ಹೋಗಿರುವುದು ಒಬ್ಬರಿಗಾ, ಎಲ್ಲರಿಗಾ? ನಿನ್ನೆ ಸರಿ ಇತ್ತಾ? ನಡುವೆ ಯಾರು ಏನು ಬದಲಿಸಿದರು? ‘ಏನೂ ಮಾಡಿಲ್ಲ’ ಅನ್ನುತ್ತಾರೆ; ಅದನ್ನು ಸುಮ್ನೆ ನಂಬಬೇಡಿ. ಯಂತ್ರದ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) 169.254ರಿಂದ ಶುರುವಾಗುತ್ತಿದ್ದರೆ ಅದಕ್ಕೆ ನೆಟ್‌ವರ್ಕ್‌ನಿಂದ ವಿಳಾಸವೇ ಸಿಕ್ಕಿಲ್ಲ. ಕೇಬಲ್ ನೋಡಿ, ಆಮೇಲೆ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ನೋಡಿ. ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ (ತಲುಪುತ್ತದೆಯೇ ಎಂದು ಕಳಿಸಿ ನೋಡುವ ಸಂದೇಶ) ಹೋಗುತ್ತಿದೆ, ಆದರೆ ಹೆಸರು ಹೊಡೆದರೆ ಯಾವ ಸೈಟೂ ತೆರೆಯುತ್ತಿಲ್ಲ ಎಂದಾದರೆ ಮೊದಲ ಅನುಮಾನ ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮೇಲೆ. ಸರಿಹೋಗುವವರೆಗೂ ಬಿಡುವುದಿಲ್ಲ ಎಂದಿರಲ್ಲ, ಆ ಹಟ ಇಲ್ಲಿ ಕೆಲಸಕ್ಕೆ ಬರುತ್ತದೆ.

ಯಾರ ಕಣ್ಣಿಗೂ ಬೀಳದ ಕೆಲಸ ಇನ್ನೊಂದಿದೆ: ಅಪ್‌ಡೇಟ್. 2017ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ಪ್ಯಾಚ್, ಅಂದರೆ ಅದನ್ನು ಸರಿಪಡಿಸುವ ಅಪ್‌ಡೇಟ್, ಬಿಟ್ಟಿತ್ತು. ಮೇ ತಿಂಗಳಲ್ಲಿ ಅದೇ ದೋಷದ ಮೂಲಕ ವನ್ನಾಕ್ರೈ ಎಂಬ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಜಗತ್ತಿಗೆಲ್ಲ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಸಾವಿರಾರು ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಹಾಗಾದರೆ ಬಂದ ಅಪ್‌ಡೇಟ್ ಬಂದ ಕೂಡಲೇ ಹಾಕಿಬಿಡೋಣವೇ? 2024ರ ಜುಲೈ 19ರಂದು ಉಲ್ಟಾ ಆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಅಪ್‌ಡೇಟೇ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಐಟಿಯವರು ಒಂದೊಂದು ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ಒಂದು ಫೈಲ್ ಅಳಿಸಬೇಕಾಯಿತು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದಲ್ಲಿ 48 ಅಂಕಿಯ ರಿಕವರಿ ಕೀ ಬೇರೆ! ಆ ಅಪ್‌ಡೇಟ್ ತಡೆಯುವುದು ಅವರ ಕೈಯಲ್ಲಿ ಇರಲಿಲ್ಲ. ಕೀಗಳು ಎಲ್ಲಿವೆ ಎಂದು ಮೊದಲೇ ಬರೆದಿಟ್ಟಿರುವುದು ಕೈಯಲ್ಲಿತ್ತು.

ನಿಮ್ಮ ಕೈಯಲ್ಲಿರುವ ಅಪ್‌ಡೇಟ್‌ಗಳನ್ನು ಮೊದಲು ಕೆಲವೇ ಯಂತ್ರಗಳಿಗೆ ಹಾಕಿ, ಏನೂ ಆಗಲಿಲ್ಲ ಅಂದರೆ ಉಳಿದವಕ್ಕೆ ಹಾಕುತ್ತೀರಿ. ಅದೂ ರಾತ್ರಿಯೋ ರಜೆಯ ದಿನವೋ. ಆನ್‌ಕಾಲ್ (ಯಾವಾಗ ಕರೆದರೂ ಹಾಜರಾಗುವ) ಸರದಿ ಬಂದಾಗ ನಿದ್ದೆ ಕೆಡುತ್ತದೆ. ಇದನ್ನು ಮುಚ್ಚಿಡುವುದು ಸರಿಯಲ್ಲ, ಅಲ್ವಾ?

ಕೋಡಿಂಗ್‌ನಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ದೊಡ್ಡ ಸಾಫ್ಟ್‌ವೇರ್ ಬರೆಯಬೇಕಿಲ್ಲ, ನಿಜ. ಆದರೆ ಕೆಲಸ ಬಿಟ್ಟುಹೋದ ನೂರಾರು ಜನರ ಅಕೌಂಟ್ ಮುಚ್ಚಬೇಕಾದಾಗ ಒಂದೊಂದಾಗಿ ಕ್ಲಿಕ್ ಮಾಡುತ್ತಾ ಕೂರುತ್ತೀರಾ? ಪವರ್‌ಶೆಲ್, ಬ್ಯಾಶ್‌ನಂಥ ಕಮಾಂಡ್ ಭಾಷೆಯಲ್ಲಿ ಹತ್ತು ಸಾಲು ಬರೆಯಲು ಬಂದರೆ ಬದುಕು ಹಗುರ. ಸದ್ಯಕ್ಕೆ ನಿಮ್ಮ ಕಂಪ್ಯೂಟರಿನಲ್ಲೇ ಒಂದೆರಡು ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿಕೊಳ್ಳಿ. ಬೇಕಂತಲೇ ಕೆಡಿಸಿ, ಸರಿಮಾಡಿ. ಸರ್ಟಿಫಿಕೇಟ್ ಪರೀಕ್ಷೆಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಇಂಟರ್‌ವ್ಯೂಗೆ ಹೋದಾಗ ಸಂಬಳದ ಜೊತೆ ಇನ್ನೊಂದು ಮಾತನ್ನೂ ಕೇಳಿ: ಬ್ಯಾಕಪ್‌ನಿಂದ ಫೈಲ್ ವಾಪಸ್ ತೆಗೆದು ನೋಡಿದ್ದು ಕೊನೆಯ ಸಲ ಯಾವಾಗ? ಡೇಟಾದ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ 3-2-1 ನಿಯಮವನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ವಾಪಸ್ ತೆಗೆದು ನೋಡುವವರು ಕಡಿಮೆ. ಎದುರು ಕೂತವರು ಮುಖ ಮುಖ ನೋಡಿಕೊಂಡರೆ, ಆ ಕೆಲಸ ನಿಮ್ಮ ಪಾಲಿಗೇ ಬರುತ್ತದೆ ಅಂತ ತಿಳಿದುಕೊಂಡೇ ಸೇರಿ.