ತೊರೆ ದಂಡೆಯ ಸೀಡರ್ ಸಸಿಗಳು ಒಣಗಿದ್ದಕ್ಕೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ನೊಹೊಮಿಶ್‌ನಲ್ಲಿ ಕೋಹೋ ಸಾಲ್ಮನ್ ಮೀನಿನ ಮರಿಗಳಿಗೆ ನೆರಳಾಗಲಿ ಅಂತ ನೀವು ನೆಟ್ಟ ಸೀಡರ್ ಎರಡನೇ ಬೇಸಿಗೆಗೇ ಒಣಗಲು ಕಾರಣ ಬಹುಶಃ ರೀಡ್ ಕ್ಯಾನರಿ ಹುಲ್ಲು. ಆಳೆತ್ತರ ಬೆಳೆದು ಚಳಿಗಾಲದಲ್ಲಿ ಸಸಿಯ ಮೇಲೇ ಮಗುಚಿ ಬೀಳುತ್ತದೆ. ಬುಡದ ತೊಗಟೆ ಸುತ್ತಲೂ ಕೆರೆದಂತಿದ್ದರೆ ಇಲಿ ಕೆಲಸವೂ ಇರಬಹುದು. ಅವು ಅಡಗೋದೂ ಆ ಹುಲ್ಲಲ್ಲೇ.

ಮೊದಲು ಹುಲ್ಲನ್ನು ಬುಡಮಟ್ಟ ಕತ್ತರಿಸಿ. ಅಂಚು ಒಂದರ ಮೇಲೊಂದು ಬರುವ ಹಾಗೆ ರಟ್ಟು ಹಾಸಿ, ಮೇಲೆ 5 ಇಂಚು ಮರದ ಚೂರು ಹರಡಿ. ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ. ಪ್ರವಾಹ ಬರುವ ಜಾಗದಲ್ಲಿ ಇದು ದಂಡ, ಕೊಚ್ಚಿಹೋಗುತ್ತದೆ.

ಅಲ್ಲಿಗೆ ವಿಲೋ ಮರದ ಕಡ್ಡಿಯೇ ಸರಿ. ಎಲೆ ಉದುರಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ನೆಡಿ. ಹೆಬ್ಬೆರಳು ದಪ್ಪ, 4 ಅಡಿ ಉದ್ದ, ಕಣ್ಣು ಮೇಲ್ಮುಖ, ಮೂರರಲ್ಲಿ ಎರಡು ಪಾಲು ಮಣ್ಣೊಳಗೆ. ನಮ್ಮೂರಲ್ಲಿ ನುಗ್ಗೆ ಕೊಂಬೆ ಊರ್ತೀವಲ್ವಾ, ಹಾಗೇ. 2-3 ಅಡಿಗೊಂದು, ಒತ್ತೊತ್ತಾಗಿರಲಿ. ವಿಲೋ ನೆರಳಿಗೆ ಹುಲ್ಲು ಸೊರಗಿದ ಮೇಲೆ ಹಿಂದಿನ ಸಾಲಿಗೆ ಸೀಡರ್ ಹಾಕಿ. ಮರ ಕಡಿದು ಹಾಕುವ ಬೀವರ್ ಪ್ರಾಣಿಯ ಓಡಾಟ ಜಾಸ್ತಿಯಿದ್ದರೆ ತಂತಿ ಬಲೆ ಸುತ್ತಿ.

ನೀರಿಗೆ ಬಿದ್ದ ಮರ ಎಳೆದು ಹಾಕಬೇಡಿ. ಮರಿಗಳು ಚಳಿಗಾಲ ಕಳೆಯೋದು ಅದರಡಿಯ ಗುಂಡಿಯಲ್ಲೇ. ಹೊಸ ದಿಮ್ಮಿ ಇಳಿಸೋದಾದರೆ ಮಾತ್ರ ಮೊದಲು ವಾಷಿಂಗ್ಟನ್ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಪರ್ಮಿಟ್ ತಗೊಳ್ಳಿ.